ಮಕ್ಕಳ ಕೋರ್ಟಿನಲ್ಲಿ ನಿಂತ ಡಾಕ್ಟರ್

ಮೂರನೇ ಸೆಮಿಸ್ಟರ್‌ನಲ್ಲಿ ಎನ್ನೆಸ್ಸೆಸ್‌ಗೆ ಹೆಸರು ಕೊಟ್ಟಾಗ ನನ್ನ ಲೆಕ್ಕ ಸರಳವಾಗಿತ್ತು. ರೆಸ್ಯೂಮೆಯಲ್ಲಿ ಒಂದು ಸಾಲು ಜಾಸ್ತಿಯಾಗುತ್ತದೆ, ಅಷ್ಟೇ. ಕಾಲೇಜಿನಿಂದ ಎರಡು ಕಿಲೋಮೀಟರ್ ದೂರದ ಸರ್ಕಾರಿ ಪ್ರಾಥಮಿಕ ಶಾಲೆಗೆ ಶನಿವಾರ ಬೆಳಿಗ್ಗೆ ಹೋಗಿ ನಾಲ್ಕನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುವುದು ನಮ್ಮ ತಂಡದ ಕೆಲಸ. ಮಗ್ಗಿ, ಭಾಗಾಕಾರ ಏನು ಮಹಾ ಅಂದುಕೊಂಡಿದ್ದೆ. ಭಾಗಾಕಾರ ನಿಜಕ್ಕೂ ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಅದರ ನಡುವೆ ಬರುವ ಜಗಳ, ಅಳು, ಚಾಡಿ, ಮುನಿಸು.

ಒಂದು ಶನಿವಾರ ನಾನು ತಂದಿದ್ದ ಬಣ್ಣದ ಪೆನ್ಸಿಲ್ ಡಬ್ಬಿ ಕಾಣೆಯಾಯಿತು. ಕೊನೆಯ ಸಾಲಿನಲ್ಲಿ ಕೂರುವ, ಯಾವಾಗಲೂ ಯಾರಿಗಾದರೂ ಹೊಡೆಯುವ ಒಬ್ಬ ಹುಡುಗನ ಮೇಲೆ ನನ್ನ ಕಣ್ಣು ಹೋಯಿತು. ಎಲ್ಲರ ಎದುರೇ ಅವನ ಬ್ಯಾಗ್ ಸುರಿದು ನೋಡಿದೆ. ಡಬ್ಬಿ ಸಿಗಲಿಲ್ಲ. ಅವನು ಅಳಲಿಲ್ಲ. ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ಬ್ಯಾಗಿಗೆ ತುಂಬಿಕೊಂಡ. ಮುಂದಿನ ವಾರ ಅವನು ಶಾಲೆಗೇ ಬಂದಿರಲಿಲ್ಲ. ಅದಾಗಿ ಎರಡು ದಿನಕ್ಕೆ ಹಾಸ್ಟೆಲ್ ರೂಮಿನಲ್ಲಿ ಚಾರ್ಟ್ ಹಾಳೆಯ ಸುರುಳಿ ಬಿಚ್ಚಿದಾಗ ಒಳಗಿನಿಂದ ಪೆನ್ಸಿಲ್ ಡಬ್ಬಿ ಬಿತ್ತು. ನಾನೇ ಸುತ್ತಿಟ್ಟು ಮರೆತಿದ್ದೆ.

ಈ ವಿಷಯ ನನ್ನೊಬ್ಬನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಸೆಮಿಸ್ಟರ್ ಪರೀಕ್ಷೆಯ ನೆಪ ಹೇಳಿ ಶನಿವಾರದ ತರಗತಿಯಿಂದ ಹೊರಬಂದುಬಿಡಬಹುದಿತ್ತು. ಮಕ್ಕಳು ಎಲ್ಲವನ್ನೂ ಬೇಗ ಮರೆಯುತ್ತಾರೆ ಎಂದು ಗೆಳೆಯನೊಬ್ಬ ಸಮಾಧಾನವನ್ನೂ ಹೇಳಿದ. ಆ ವಾರ ಕಾಲೇಜಿನ ಗ್ರಂಥಾಲಯದಲ್ಲಿ ಮಕ್ಕಳ ಶಿಕ್ಷಣದ ಕಪಾಟಿನ ಮುಂದೆ ನಿಂತಿದ್ದಾಗ ಕೈಗೆ ಸಿಕ್ಕವರು ಯಾನುಷ್ ಕೊರ್ಚಾಕ್. ಸತ್ತು ಎಂಬತ್ತು ವರ್ಷಗಳಾದ ಪೋಲೆಂಡಿನ ಒಬ್ಬ ಮಕ್ಕಳ ಡಾಕ್ಟರ್. ನನ್ನ ಆ ವಾರದ ಪ್ರಶ್ನೆಗೆ ಉತ್ತರ ಅವರ ಬದುಕಿನಲ್ಲಿತ್ತು. ಅದಕ್ಕೇ ಅವರ ಕಥೆಯನ್ನು ಇಲ್ಲಿ ಹೇಳುತ್ತಿದ್ದೇನೆ.

ಕ್ಯಾನರಿ ಹಕ್ಕಿಯ ಗೋರಿ

ಅವರ ನಿಜವಾದ ಹೆಸರು ಹೆನ್ರಿಕ್ ಗೋಲ್ಡ್‌ಶ್ಮಿಟ್. ಹುಟ್ಟಿದ್ದು ವಾರ್ಸಾದಲ್ಲಿ, ಜುಲೈ 22ರಂದು. ವರ್ಷ 1878 ಅಥವಾ 1879. ತಂದೆ ಜನನ ನೋಂದಣಿ ಮಾಡಿಸುವುದನ್ನು ಮುಂದೂಡಿದ್ದರಿಂದ ಆ ಗೊಂದಲ ಕೊನೆಯವರೆಗೂ ಉಳಿಯಿತು. ಆಗ ವಾರ್ಸಾ ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಯೆಹೂದಿ ಕುಟುಂಬವಾದರೂ ಮನೆಯಲ್ಲಿ ಆಡುತ್ತಿದ್ದದ್ದು ಪೋಲಿಷ್ ಭಾಷೆ. ತಂದೆ ವಕೀಲರು, ಮನೆಯಲ್ಲಿ ಅನುಕೂಲವಿತ್ತು.

ಹೆನ್ರಿಕ್‌ಗೆ ಐದು ವರ್ಷವಿದ್ದಾಗ ಸಾಕಿದ್ದ ಕ್ಯಾನರಿ ಹಕ್ಕಿ ಸತ್ತಿತು. ಅದನ್ನು ಅಂಗಳದಲ್ಲಿ ಹೂತು ಮೇಲೊಂದು ಶಿಲುಬೆ ನೆಡಬೇಕೆಂದು ಹುಡುಗನಿಗೆ ಆಸೆ. ವಠಾರದ ಕಾವಲುಗಾರನ ಮಗ ತಡೆದ. ಹಕ್ಕಿಯೂ ಯೆಹೂದಿ, ನೀನೂ ಯೆಹೂದಿ, ನಿಮಗೆ ಶಿಲುಬೆ ಸಲ್ಲದು ಎಂದು ತಿಳಿಸಿದ. ತಾನು ಬೇರೆಯವನು ಎಂಬುದು ಆ ಮಗುವಿಗೆ ಮೊದಲ ಸಲ ಗೊತ್ತಾಗಿದ್ದು ಸತ್ತ ಹಕ್ಕಿಯ ಮುಂದೆ. ಮಕ್ಕಳು ಬೇಗ ಮರೆಯುತ್ತಾರೆ ಎನ್ನುವವರಿಗೆ ಒಂದು ಮಾತು: ಈ ಘಟನೆಯನ್ನು ಅವರು ಬರೆದಿಟ್ಟದ್ದು ಅರವತ್ತು ದಾಟಿದ ಮೇಲೆ, ತಮ್ಮ ಬದುಕಿನ ಕೊನೆಯ ತಿಂಗಳುಗಳ ಡೈರಿಯಲ್ಲಿ.

ಓದಿದ ಶಾಲೆಗಳಲ್ಲಿ ಪೆಟ್ಟು, ಬೈಗುಳ ಸಾಮಾನ್ಯ. ಅಷ್ಟರಲ್ಲಿ ತಂದೆಗೆ ಮಾನಸಿಕ ಕಾಯಿಲೆ ಬಂತು. ಆಸ್ಪತ್ರೆಯ ಖರ್ಚಿಗೆ ಮನೆಯ ಒಂದೊಂದೇ ವಸ್ತು ಹೋಯಿತು. 1896ರಲ್ಲಿ ತಂದೆ ತೀರಿಕೊಂಡರು. ಇನ್ನೂ ಓದುತ್ತಿದ್ದ ಹುಡುಗ ಶ್ರೀಮಂತರ ಮನೆಗಳಿಗೆ ಹೋಗಿ ಪಾಠ ಹೇಳಿ ತಾಯಿ ಮತ್ತು ಸಹೋದರಿಯನ್ನು ನೋಡಿಕೊಂಡ. ನಮ್ಮಲ್ಲಿ ಟ್ಯೂಷನ್ ಹೇಳಿ ಫೀಸು ಕಟ್ಟುವವರಿಗೆ ಆ ದಿನಗಳು ಹೇಗಿದ್ದವೆಂದು ಬಿಡಿಸಿ ಹೇಳಬೇಕಿಲ್ಲ.

1898ರಲ್ಲಿ ಒಂದು ಸಾಹಿತ್ಯ ಸ್ಪರ್ಧೆಗೆ ನಾಟಕ ಕಳಿಸುವಾಗ, ಕಾದಂಬರಿಯೊಂದರ ಪಾತ್ರದ ಹೆಸರನ್ನು ಕಾವ್ಯನಾಮವಾಗಿ ಇಟ್ಟುಕೊಂಡರು: ಯಾನಾಷ್ ಕೊರ್ಚಾಕ್. ಅಚ್ಚಾಗುವಾಗ ಅದು ಯಾನುಷ್ ಆಯಿತು. ಆ ತಪ್ಪನ್ನು ಅವರು ತಿದ್ದಲು ಹೋಗಲಿಲ್ಲ. ಅದೇ ವರ್ಷ ವಾರ್ಸಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿಗೆ ಸೇರಿದರು.

ಮೊದಲ ಸೋಲು

ಡಾಕ್ಟರಾದ ಮೇಲೆ ವಾರ್ಸಾದ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ. ರಷ್ಯಾ–ಜಪಾನ್ ಯುದ್ಧಕ್ಕೆ ಸೇನಾ ವೈದ್ಯನಾಗಿ ಹೋಗಿಬಂದರು. ಬರವಣಿಗೆಯಿಂದ ಹೆಸರೂ ಬಂದಿತ್ತು. ಶ್ರೀಮಂತರ ಮನೆಗಳಿಂದ ಕರೆ ಬರುತ್ತಿತ್ತು. ಅವರಿಂದ ದೊಡ್ಡ ಫೀಸು ತೆಗೆದುಕೊಂಡು, ಬಡ ಮಕ್ಕಳನ್ನು ದುಡ್ಡಿಲ್ಲದೆ ನೋಡುತ್ತಿದ್ದರು. ಆದರೆ ಒಂದು ವಿಷಯ ಅವರನ್ನು ಕಾಡುತ್ತಿತ್ತು. ಜ್ವರ ಇಳಿಸಿ ಮನೆಗೆ ಕಳಿಸಿದ ಮಗು ಮತ್ತೆ ಅದೇ ಹಸಿವು, ಅದೇ ಹೊಡೆತ, ಅದೇ ಕತ್ತಲೆ ಕೋಣೆಗೆ ಹೋಗುತ್ತದೆ. ಇದಕ್ಕೆ ಔಷಧಿ ಯಾವುದು?

ಇದಕ್ಕೆ ಮೊದಲೇ, 1904ರಲ್ಲಿ, ಅವರು ವಾರ್ಸಾದ ಬಡ ಮಕ್ಕಳ ಬೇಸಿಗೆ ಶಿಬಿರಕ್ಕೆ ಮೇಲ್ವಿಚಾರಕರಾಗಿ ಹೋಗಿದ್ದರು. ಆಟದ ಸಾಮಾನು ಹೊಂದಿಸಿಕೊಂಡು, ಕಥೆಗಳನ್ನು ತಯಾರಿಟ್ಟುಕೊಂಡು, ಬಹಳ ಉತ್ಸಾಹದಿಂದ ಹೋದವರಿಗೆ ಮೊದಲ ದಿನಗಳಲ್ಲೇ ಸಾಕುಸಾಕಾಯಿತು. ರಾತ್ರಿ ಮಲಗುವ ಕೋಣೆಯಲ್ಲಿ ಗಲಾಟೆ ನಿಲ್ಲಲೇ ಇಲ್ಲ. ಕೂಗಿದರು, ಹೆದರಿಸಿದರು. ಹುಡುಗರು ಜಗ್ಗಲಿಲ್ಲ. ತನಗೆ ಮಕ್ಕಳು ಇಷ್ಟ, ಅಷ್ಟು ಸಾಕು ಎಂದುಕೊಂಡಿದ್ದ ಯುವಕನಿಗೆ ಅದು ಸಾಲದು ಎಂದು ತಿಳಿಯಿತು. ಮಾರನೆಯ ದಿನಗಳಲ್ಲಿ ಅವರು ಹುಡುಗರನ್ನು ಕಾಡಿಗೆ ಕರೆದೊಯ್ದು, ಮಕ್ಕಳಿಗೆ ಹೇಳುವುದನ್ನು ಬಿಟ್ಟು ಮಕ್ಕಳ ಜೊತೆ ಮಾತಾಡಲು ಶುರುಮಾಡಿದರು. ಶಿಬಿರ ಹೇಗಿರಬೇಕೆಂದು ಅವರನ್ನೇ ಕೇಳಿದರು. ಹುಡುಗರ ಹತ್ತಿರ ಹೇಳಲು ಬಹಳಷ್ಟಿತ್ತು.

ಆ ಜಾಗದಲ್ಲಿ ನಾನಾಗಿದ್ದರೆ ಶಿಬಿರ ಮುಗಿಸಿ ಸರ್ಟಿಫಿಕೇಟ್ ತೆಗೆದುಕೊಂಡು ಸುಮ್ಮನಾಗುತ್ತಿದ್ದೆ. ಕೊರ್ಚಾಕ್ ತಮ್ಮ ಸೋಲನ್ನು ವಿವರವಾಗಿ ಬರೆದಿಟ್ಟರು. ಯಾವ ಗಂಟೆಯಲ್ಲಿ ಏನು ತಪ್ಪಿದೆ, ಎಲ್ಲಿ ತಾಳ್ಮೆ ಕೆಟ್ಟಿತು, ಯಾವ ಹುಡುಗನಿಗೆ ಅನ್ಯಾಯವಾಯಿತು ಎಂದು. ಲ್ಯಾಬ್‌ನಲ್ಲಿ ನಾವು ತಪ್ಪು ರೀಡಿಂಗ್ ಬಂದಾಗ ಅಳಿಸಿ ಪಕ್ಕದವನದ್ದು ನೋಡಿ ಬರೆಯುತ್ತೇವಲ್ಲ, ಅದರ ತದ್ವಿರುದ್ಧ.

ಕ್ರೋಖ್ಮಾಲ್ನಾ ಬೀದಿಯ ಮನೆ

1912ರ ಅಕ್ಟೋಬರಿನಲ್ಲಿ ವಾರ್ಸಾದ ಕ್ರೋಖ್ಮಾಲ್ನಾ ಬೀದಿಯ 92ನೇ ನಂಬರಿನ ಹೊಸ ಕಟ್ಟಡದಲ್ಲಿ ಯೆಹೂದಿ ಅನಾಥ ಮಕ್ಕಳ ಮನೆ ತೆರೆಯಿತು. ಪೋಲಿಷ್ ಹೆಸರು ದೋಮ್ ಶೆರೋತ್. ಏಳರಿಂದ ಹದಿನಾಲ್ಕು ವರ್ಷದ ಸುಮಾರು ನೂರು ಮಕ್ಕಳು. ಕೊರ್ಚಾಕ್ ಆಸ್ಪತ್ರೆಯ ಕೆಲಸ ಬಿಟ್ಟು ಅದರ ನಿರ್ದೇಶಕರಾದರು. ಮಲಗುತ್ತಿದ್ದದ್ದೂ ಅಲ್ಲೇ. ಮನೆಯ ದಿನನಿತ್ಯದ ಭಾರ ಹೊತ್ತವರು ಸ್ತೆಫಾನಿಯಾ ವಿಲ್ಚಿನ್ಸ್ಕಾ. ಮೂವತ್ತು ವರ್ಷಗಳ ಕಾಲ ಈ ಇಬ್ಬರೂ ಆ ಮನೆಗೆ ಎರಡು ಕಂಬಗಳಂತೆ ಇದ್ದರು. ಕೊರ್ಚಾಕ್ ಹೆಸರು ಎಲ್ಲರಿಗೂ ಗೊತ್ತು, ಸ್ತೆಫಾನಿಯಾ ಹೆಸರು ಅಷ್ಟಾಗಿ ಗೊತ್ತಿಲ್ಲ ಎನ್ನುವುದನ್ನೂ ಇಲ್ಲಿ ಹೇಳಿಬಿಡಬೇಕು.

ಬೀದಿಯಲ್ಲಿ ಬೆಳೆದ, ಹಸಿದು ಬೆಳೆದ, ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡ ಮಕ್ಕಳು ಹೊಸ ಕಟ್ಟಡಕ್ಕೆ ಬಂದ ತಕ್ಷಣ ಒಳ್ಳೆಯವರಾಗಲಿಲ್ಲ. ಹೊಡೆದಾಟ, ಕದಿಯುವುದು, ಹೇಳಿದ್ದಕ್ಕೆಲ್ಲ ತಿರುಗಿಬೀಳುವುದು ನಡೆದೇ ಇತ್ತು. ಮೊದಲ ವರ್ಷವೇ ಅತ್ಯಂತ ಕಷ್ಟದ ವರ್ಷ ಎಂದು ಕೊರ್ಚಾಕ್ ಒಪ್ಪಿಕೊಂಡಿದ್ದಾರೆ. ಇಂಥ ಮಕ್ಕಳಿಗೆ ಬೋಧನೆ ಮಾಡಿ ಪ್ರಯೋಜನವಿಲ್ಲ, ಒಟ್ಟಿಗೆ ಬಾಳುವುದನ್ನು ದಿನವೂ ಅಭ್ಯಾಸ ಮಾಡಿಸುವ ಒಂದು ಏರ್ಪಾಡು ಬೇಕು ಎಂಬುದು ಅವರಿಗೆ ಹೊಳೆದದ್ದು ಆಗ. ಅವರು ಕಟ್ಟಿದ ಏರ್ಪಾಡುಗಳನ್ನು ಓದುವಾಗ ನನಗೆ ಒಬ್ಬ ಒಳ್ಳೆಯ ಎಂಜಿನಿಯರ್ ಕೆಲಸ ನೋಡಿದಂತಾಯಿತು. ಒಂದೊಂದು ಸಮಸ್ಯೆಗೂ ಒಂದೊಂದು ಚಿಕ್ಕ ಉಪಾಯ.

ಹೊಸದಾಗಿ ಬಂದ ಮಗು ಕಂಗಾಲಾಗುತ್ತದೆಯೇ? ಮೊದಲ ಮೂರು ತಿಂಗಳು ದೊಡ್ಡ ಮಗುವೊಂದು ಅದಕ್ಕೆ ಪೋಷಕನಾಗಿರುತ್ತದೆ. ಎಲ್ಲಿ ಊಟ, ಎಲ್ಲಿ ಬಟ್ಟೆ, ಯಾರ ಹತ್ತಿರ ಏನು ಕೇಳಬೇಕು ಎಂದು ತೋರಿಸುವ ಹೊಣೆ ಅದರದ್ದು. ಹಿಂದಿನ ವರ್ಷ ತಾನೇ ತುಂಟನಾಗಿದ್ದ ಹುಡುಗ ಈ ವರ್ಷ ಇನ್ನೊಬ್ಬ ತುಂಟನನ್ನು ನೋಡಿಕೊಳ್ಳಬೇಕಾಗುತ್ತಿತ್ತು. ಬಾಯಲ್ಲಿ ಹೇಳಲು ಭಯವೇ? ಬರೆದು ಹಾಕಲು ಒಂದು ಅಂಚೆ ಪೆಟ್ಟಿಗೆ. ಯಾರ ಕಣ್ಣಿಗೂ ಬೀಳದ ಗುಂಡಿ, ದಾರ, ಮಣಿ, ಪೆನ್ಸಿಲ್ ತುಂಡು ಕಳೆದುಹೋಯಿತೇ? ಸಿಕ್ಕ ವಸ್ತುಗಳನ್ನೆಲ್ಲ ಇಡಲು ಒಂದು ಗಾಜಿನ ಕಪಾಟು. ದೊಡ್ಡವರ ಕಣ್ಣಿಗೆ ಕಸ ಎನಿಸುವ ವಸ್ತು ಮಗುವಿಗೆ ಆಸ್ತಿ ಎಂಬ ಗೌರವ ಆ ಕಪಾಟಿನಲ್ಲಿತ್ತು. ಕಸ ಗುಡಿಸುವುದು, ಆಲೂಗಡ್ಡೆ ಸುಲಿಯುವುದು, ಬಟ್ಟೆ ಮಡಚುವುದು ಎಲ್ಲಕ್ಕೂ ಪಾಳಿ ಇತ್ತು. ಪೊರಕೆಯನ್ನು ಮೂಲೆಯಲ್ಲಿ ಬಚ್ಚಿಡದೆ ಕಾಣುವ ಜಾಗದಲ್ಲೇ ಇಡಿಸಿದ್ದರು. ಅದೂ ಗೌರವದ ವಸ್ತು.

ಜಗಳಗಂಟ ಮಕ್ಕಳಿಗೆ ಅವರು ಇಂದಿನಿಂದ ಜಗಳ ಬಂದ್ ಎಂದು ಹೇಳುತ್ತಿರಲಿಲ್ಲ. ಬಾಜಿ ಕಟ್ಟುತ್ತಿದ್ದರು. ಈ ವಾರ ಎಷ್ಟು ಸಲ ಹೊಡೆದಾಡುತ್ತೀಯ ಎಂದು ಮಗುವನ್ನೇ ಕೇಳುವುದು. ಮಗು ಒಂದು ಸಂಖ್ಯೆ ಹೇಳಬೇಕು. ಸೊನ್ನೆ ಎಂದರೆ ಅವರು ಒಪ್ಪುತ್ತಿರಲಿಲ್ಲ, ಏಕೆಂದರೆ ಅದು ಆಗದ ಮಾತು ಎಂದು ಇಬ್ಬರಿಗೂ ಗೊತ್ತು. ಹೇಳಿದ್ದಕ್ಕಿಂತ ಹೆಚ್ಚಾಗದಿದ್ದರೆ ವಾರದ ಕೊನೆಗೆ ಮಿಠಾಯಿ. ಮುಂದಿನ ವಾರ ಸಂಖ್ಯೆ ಸ್ವಲ್ಪ ಕಡಿಮೆ. ಗೆದ್ದೆಯಾ ಸೋತೆಯಾ ಎಂದು ಹೇಳಬೇಕಾದವನು ಮಗುವೇ, ಯಾರೂ ಹಿಂದೆ ಬಿದ್ದು ಎಣಿಸುವುದಿಲ್ಲ. ಕೈಕೈ ಮಿಲಾಯಿಸಲೇಬೇಕು ಎನ್ನುವವರಿಗೂ ನಿಯಮವಿತ್ತು: ಮುಂಚೆಯೇ ತಿಳಿಸಬೇಕು, ಜೋಡಿ ಸಮಸಮವಾಗಿರಬೇಕು. ಹೆಸರು ಬರೆಸಿ ಕಾಯುವಷ್ಟರಲ್ಲಿ ಸಿಟ್ಟು ಇಳಿಯದೆ ಏನಾಗುತ್ತದೆ?

ಚಳಿಗಾಲದಲ್ಲಿ ಬೆಳಿಗ್ಗೆ ಗಂಟೆ ಬಾರಿಸಿದ ತಕ್ಷಣ ಎದ್ದವರಿಗೆ, ಸಾಕಷ್ಟು ಆಲೂಗಡ್ಡೆ ಸುಲಿದವರಿಗೆ ನೆನಪಿನ ಚಿತ್ರಕಾರ್ಡುಗಳು ಸಿಗುತ್ತಿದ್ದವು. ಅನಾಥ ಮಕ್ಕಳ ಹತ್ತಿರ ಬಾಲ್ಯದ ಫೋಟೊ ಇರುವುದಿಲ್ಲ. ಆ ಕಾರ್ಡುಗಳೇ ಅವರ ಆಲ್ಬಂ.

ಕ್ಷಮೆಯಿಂದ ಶುರುವಾಗುವ ಕಾನೂನು

ಇವೆಲ್ಲದರ ನಡುವೆ ಇದ್ದದ್ದು ಮಕ್ಕಳ ಕೋರ್ಟು. ಯಾರಿಗೆ ಯಾರ ಮೇಲೆ ದೂರಿದ್ದರೂ ಬರೆಸಬಹುದು. ವಾರಕ್ಕೊಮ್ಮೆ ವಿಚಾರಣೆ. ಐದು ಜನ ನ್ಯಾಯಾಧೀಶರು, ಐದೂ ಮಕ್ಕಳು. ಆ ವಾರ ಯಾರ ಮೇಲೆ ಒಂದೂ ದೂರಿಲ್ಲವೋ ಅಂಥವರಲ್ಲಿ ಚೀಟಿ ಎತ್ತಿ ಆರಿಸುತ್ತಿದ್ದರು. ದೊಡ್ಡವರೊಬ್ಬರು ಬರೆದುಕೊಳ್ಳಲು ಮಾತ್ರ ಇರುತ್ತಿದ್ದರು.

ಕಾನೂನಿನ ಪುಸ್ತಕ ಬರೆದವರು ಕೊರ್ಚಾಕ್. ಅದರಲ್ಲಿ 1ರಿಂದ 99ರವರೆಗಿನ ವಿಧಿಗಳೆಲ್ಲ ದೂರು ಕೈಬಿಡುವ, ಇಲ್ಲವೇ ಕ್ಷಮಿಸುವ ವಿಧಿಗಳು. ಗೊತ್ತಿಲ್ಲದೆ ಮಾಡಿದ, ಪಶ್ಚಾತ್ತಾಪಪಟ್ಟಿದ್ದಾನೆ, ತಮಾಷೆಗೆ ಮಾಡಿದ ಹೀಗೆ ಬಗೆಬಗೆಯ ಕಾರಣಗಳು. ನೂರಕ್ಕೆ ಬಂದಾಗ ಮಾತ್ರ ತಪ್ಪು ತಪ್ಪೇ ಎಂಬ ಮಾತು. ಅಲ್ಲಿಂದ ಇನ್ನೂರು, ಮುನ್ನೂರು ಎಂದು ಏರುತ್ತ ತೀರ್ಪು ಬಿಗಿಯಾಗುತ್ತದೆ. ಸಾವಿರ ಎಂದರೆ ಮನೆಯಿಂದ ಹೊರಗೆ. ಅಲ್ಲಿಯವರೆಗೆ ಹೋದ ಪ್ರಕರಣಗಳು ಬಹಳ ಅಪರೂಪ. ಹೆಚ್ಚಿನವು ಕ್ಷಮೆಯಲ್ಲೇ ಮುಗಿಯುತ್ತಿದ್ದವು.

ಇದರಲ್ಲಿ ಮಕ್ಕಳು ಕಲಿತದ್ದೇನು ಎಂದು ನಾನು ಯೋಚಿಸಿದೆ. ದೂರು ಕೊಡಬೇಕಾದರೆ ಏನಾಯಿತು ಎಂದು ಕ್ರಮವಾಗಿ ಹೇಳಬೇಕು. ವಿಚಾರಣೆಯ ದಿನದವರೆಗೆ ಕಾಯಬೇಕು. ಎದುರಿನವನ ಮಾತು ಮುಗಿಯುವವರೆಗೆ ಕೇಳಬೇಕು. ಇವತ್ತು ನ್ಯಾಯಾಧೀಶನಾದವನು ಮುಂದಿನ ವಾರ ಆರೋಪಿಯಾಗಬಹುದು, ಹಾಗಾಗಿ ತೀರ್ಪು ಕೊಡುವಾಗ ಕೈ ಸ್ವಲ್ಪ ಹಗುರಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತಪ್ಪು ಮಾಡಿದ ಮೇಲೂ ಇಲ್ಲಿ ನನಗೆ ಜಾಗವಿದೆ ಎಂದು ಮಗುವಿಗೆ ಗೊತ್ತಾಗುತ್ತದೆ. ನಮ್ಮ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್‌ಗೆ ಮುಂಚೆ ಸಾಫ್ಟ್ ಸ್ಕಿಲ್ಸ್ ಹೆಸರಿನಲ್ಲಿ ನಾಲ್ಕು ದಿನ ಹೇಳಿಕೊಡುವುದನ್ನು ಆ ಮಕ್ಕಳು ಒಂಬತ್ತನೇ ವಯಸ್ಸಿಗೇ ಬದುಕಿ ಕಲಿಯುತ್ತಿದ್ದರು.

ಇದು ಮೊದಲ ದಿನವೇ ಸರಿಹೋಯಿತು ಎಂದುಕೊಳ್ಳಬೇಡಿ. ಮಕ್ಕಳು ಕೋರ್ಟನ್ನು ಗೇಲಿ ಮಾಡಿದರು. ಸುಳ್ಳು ದೂರುಗಳು ಬಂದವು. ಕ್ಷಮಿಸುತ್ತಾರೆ ಬಿಡು ಎಂಬ ಸಸಾರ ಬಂತು. ಕೊರ್ಚಾಕ್ ಕೆಲವು ವಾರ ಕೋರ್ಟನ್ನೇ ನಿಲ್ಲಿಸಿದರು. ಆದರೆ ಬೆತ್ತ ಕೈಗೆತ್ತಿಕೊಳ್ಳಲಿಲ್ಲ. ಲೋಪ ಎಲ್ಲಿದೆ ಎಂದು ನೋಡಿ, ತಿದ್ದಿ, ಮತ್ತೆ ಶುರುಮಾಡಿದರು. ತೀರ್ಪು ಒಪ್ಪಿಗೆಯಾಗದವರು ಮತ್ತೆ ಕೇಳಬಹುದು ಎಂಬ ಅವಕಾಶ ಸೇರಿತು. ಮಕ್ಕಳು ದೊಡ್ಡವರ ಮೇಲೂ ದೂರು ಕೊಡಬಹುದು ಎಂಬ ನಿಯಮವೂ ಸೇರಿತು.

ಈ ನಿಯಮ ಕಾಗದದಲ್ಲಿ ಉಳಿಯಲಿಲ್ಲ. ಆರು ತಿಂಗಳಲ್ಲಿ ಐದು ಸಲ ಕೊರ್ಚಾಕ್ ಮಕ್ಕಳ ಕೋರ್ಟಿಗೆ ಹೋಗಬೇಕಾಯಿತು. ಒಬ್ಬ ಹುಡುಗನ ಕಿವಿಗೆ ಹೊಡೆದದ್ದಕ್ಕೆ, ಒಬ್ಬನನ್ನು ಮಲಗುವ ಕೋಣೆಯಿಂದ ಹೊರಹಾಕಿದ್ದಕ್ಕೆ, ಒಬ್ಬನನ್ನು ಮೂಲೆಯಲ್ಲಿ ನಿಲ್ಲಿಸಿದ್ದಕ್ಕೆ, ನ್ಯಾಯಾಧೀಶನೊಬ್ಬನನ್ನು ಅವಮಾನಿಸಿದ್ದಕ್ಕೆ. ಐದನೆಯದು, ಒಬ್ಬ ಹುಡುಗಿಯ ಮೇಲೆ ಕಳ್ಳತನದ ಅನುಮಾನಪಟ್ಟದ್ದಕ್ಕೆ.

ಈ ಸಾಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ದೇಶವೇ ಗೌರವಿಸುವ ಲೇಖಕ, ವೈದ್ಯ, ಆ ಮನೆಯ ನಿರ್ದೇಶಕ ತನ್ನ ಪರವಾಗಿ ಹೇಳಿಕೆ ಬರೆದು, ಚಿಕ್ಕ ಮಕ್ಕಳ ತೀರ್ಪಿಗೆ ಕಾದಿದ್ದ. ತಾನು ಒಳ್ಳೆಯ ಶಿಕ್ಷಕನಾಗಿದ್ದಕ್ಕೆ ಈ ಮೊಕದ್ದಮೆಗಳೇ ಬುನಾದಿ ಎಂದು ಅವರು ನಂಬಿದ್ದರು. ನಾನು ಮಾತ್ರ ಪೆನ್ಸಿಲ್ ಡಬ್ಬಿಯನ್ನು ಮೇಜಿನ ಖಾನೆಯಲ್ಲಿ ಬಚ್ಚಿಟ್ಟು ಕುಳಿತಿದ್ದೆ.

ಪತ್ರಿಕೆ, ರೇಡಿಯೊ, ಪುಸ್ತಕ

ಮೊದಲ ಮಹಾಯುದ್ಧದಲ್ಲಿ ಮತ್ತೆ ಸೇನೆಗೆ ಕರೆಬಂತು. ಮಗುವನ್ನು ಪ್ರೀತಿಸುವುದು ಹೇಗೆ ಎಂಬ ತಮ್ಮ ಪ್ರಸಿದ್ಧ ಪುಸ್ತಕವನ್ನು ಅವರು ಬರೆದದ್ದು ಯುದ್ಧಭೂಮಿಯ ಆಸ್ಪತ್ರೆಗಳಲ್ಲಿ, ಗಾಯಾಳುಗಳ ನಡುವೆ. 1919ರಲ್ಲಿ ಮಾರಿನಾ ಫಾಲ್ಸ್ಕಾ ಅವರ ಜೊತೆ ಪೋಲಿಷ್ ಮಕ್ಕಳಿಗಾಗಿ ಇನ್ನೊಂದು ಮನೆ ಕಟ್ಟಲು ನೆರವಾದರು. 1920ರಲ್ಲಿ ಅವರಿಗೆ ಟೈಫಸ್ ಜ್ವರ ಬಂತು. ಆರೈಕೆ ಮಾಡಿದ ತಾಯಿಗೆ ಅದೇ ಜ್ವರ ಅಂಟಿ ಅವರು ತೀರಿಕೊಂಡರು. ಆ ದುಃಖ ಕೊರ್ಚಾಕ್ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಆದರೂ ಅವರ ಅತ್ಯಂತ ಜನಪ್ರಿಯ ಪುಸ್ತಕ, ಪುಟ್ಟ ವಯಸ್ಸಿನಲ್ಲೇ ರಾಜನಾಗುವ ಮಾತಿ ಎಂಬ ಹುಡುಗನ ಕಥೆ, ಬಂದದ್ದು ಅದರ ನಂತರದ ವರ್ಷಗಳಲ್ಲೇ.

1926ರ ಅಕ್ಟೋಬರಿನಲ್ಲಿ ಅವರು ಮಕ್ಕಳೇ ಬರೆಯುವ ವಾರಪತ್ರಿಕೆ ಶುರುಮಾಡಿದರು. ಮಾವಿ ಪ್ಶೆಗ್ಲೋಂದ್, ಅಂದರೆ ಪುಟ್ಟ ವಿಮರ್ಶೆ. ವಾರ್ಸಾದ ದಿನಪತ್ರಿಕೆಯೊಂದರ ಜೊತೆ ಶುಕ್ರವಾರ ಬರುತ್ತಿತ್ತು. ಊರೂರುಗಳಿಂದ ಮಕ್ಕಳು ತಮ್ಮ ಶಾಲೆ, ಮನೆ, ಅವಮಾನ, ಆಸೆಗಳ ಬಗ್ಗೆ ಬರೆದು ಕಳಿಸುತ್ತಿದ್ದರು. ನೀವೀಗ ಓದುತ್ತಿರುವ ಇಂಥ ಪುಟಕ್ಕೆ ನಮ್ಮ ನಿಮ್ಮಂಥವರು ಬರೆಯುತ್ತೇವಲ್ಲ, ಹಾಗೆ. 1934ರ ಹೊತ್ತಿಗೆ ಪೋಲೆಂಡ್ ರೇಡಿಯೊದಲ್ಲಿ ಮುದಿ ಡಾಕ್ಟರ್ ಎಂಬ ಹೆಸರಿನಲ್ಲಿ ಅವರ ಮಾತು ಬರುತ್ತಿತ್ತು. ಯೆಹೂದಿ ಎಂಬ ಕಾರಣಕ್ಕೆ ಹೆಸರು ಹೇಳಿಸುತ್ತಿರಲಿಲ್ಲ. ದ್ವೇಷ ಹೆಚ್ಚಾದಂತೆ 1936ರಲ್ಲಿ ಕಾರ್ಯಕ್ರಮವನ್ನೂ ನಿಲ್ಲಿಸಿದರು.

ಅವರ ಮನೆಯಲ್ಲಿ ಬೆಳೆದವರೆಲ್ಲ ಗೆದ್ದರೆಂದೇನಿಲ್ಲ. ಬಡಗಿ, ದರ್ಜಿ, ಗುಮಾಸ್ತ, ಶಿಕ್ಷಕರಾದವರ ಜೊತೆಗೆ ಕಳ್ಳತನದಲ್ಲಿ ಸಿಕ್ಕಿಬಿದ್ದವರೂ ಇದ್ದರು. ಕೊರ್ಚಾಕ್ ಅದನ್ನು ಮುಚ್ಚಿಡಲಿಲ್ಲ. ಮಕ್ಕಳನ್ನು ಪ್ರತಿವಾರ ತೂಗಿ, ಎತ್ತರ ಅಳೆದು ಬರೆದಿಡುತ್ತಿದ್ದ ಮನುಷ್ಯ ತಮ್ಮ ಕೆಲಸವನ್ನೂ ಅದೇ ತಕ್ಕಡಿಯಲ್ಲಿ ತೂಗಿದರು.

ಗೋಡೆಯೊಳಗಿನ ಅಂಚೆಮನೆ

1939ರ ಸೆಪ್ಟೆಂಬರಿನಲ್ಲಿ ಜರ್ಮನಿ ಪೋಲೆಂಡಿನ ಮೇಲೆ ದಾಳಿ ಮಾಡಿತು. ಮರುವರ್ಷ ವಾರ್ಸಾದ ಯೆಹೂದಿಗಳನ್ನೆಲ್ಲ ಗೋಡೆ ಕಟ್ಟಿದ ಗೆಟ್ಟೋದೊಳಗೆ ದೂಡಿದರು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಕೆಲವೇ ಬೀದಿಗಳಲ್ಲಿ. 1940ರ ನವೆಂಬರಿನಲ್ಲಿ ಮಕ್ಕಳ ಮನೆಯೂ ಅಲ್ಲಿಗೆ ಹೋಗಬೇಕಾಯಿತು. ಹೋಗುವ ದಾರಿಯಲ್ಲಿ ಮಕ್ಕಳಿಗೆಂದು ತಂದ ಆಲೂಗಡ್ಡೆಯ ಗಾಡಿಯನ್ನು ಕಾವಲಿನವರು ಕಿತ್ತುಕೊಂಡರು. ಕೇಳಲು ಹೋದ ಕೊರ್ಚಾಕ್ ಯೆಹೂದಿಗಳು ಕಟ್ಟಲೇಬೇಕಾಗಿದ್ದ ತೋಳುಪಟ್ಟಿಯನ್ನು ಕಟ್ಟಿರಲಿಲ್ಲ. ಹೊಡೆದು ಜೈಲಿಗೆ ಹಾಕಿದರು. ಬಿಡುಗಡೆಯಾಗಿ ಬಂದಾಗ ಆರೋಗ್ಯ ಕುಸಿದಿತ್ತು.

ಗೆಟ್ಟೋದಲ್ಲಿ ಮಕ್ಕಳ ಸಂಖ್ಯೆ ಇನ್ನೂರರ ಹತ್ತಿರಕ್ಕೆ ಏರಿತು. ಬೀದಿಯಲ್ಲಿ ಹಸಿವಿನಿಂದ ಸತ್ತವರ ಹೆಣಗಳು. ಮುದುಕ ಡಾಕ್ಟರ್ ಚೀಲ ಹಿಡಿದು ಮನೆಮನೆಗೆ ಹೋಗಿ ಮಕ್ಕಳಿಗೆ ಆಹಾರ ಬೇಡಿ ತರುತ್ತಿದ್ದರು. ಆದರೆ ಮನೆಯೊಳಗೆ ಪಾಠ ನಿಲ್ಲಲಿಲ್ಲ, ಕೆಲಸದ ಪಾಳಿ ನಿಲ್ಲಲಿಲ್ಲ, ಕೋರ್ಟೂ ನಿಲ್ಲಲಿಲ್ಲ. ಹೊರಗೆ ನ್ಯಾಯ ಎಂಬ ಪದಕ್ಕೆ ಅರ್ಥವೇ ಇಲ್ಲದಿದ್ದಾಗ ಆ ಮಕ್ಕಳು ವಾರಕ್ಕೊಮ್ಮೆ ಕುಳಿತು ಒಬ್ಬರನ್ನೊಬ್ಬರು ವಿಚಾರಿಸಿ ಕ್ಷಮಿಸುತ್ತಿದ್ದರು.

1942ರ ಜುಲೈ 18ರಂದು ಮಕ್ಕಳು ಒಂದು ನಾಟಕ ಆಡಿದರು. ಕೊರ್ಚಾಕ್ ಆರಿಸಿದ್ದು ನಮ್ಮ ರವೀಂದ್ರನಾಥ ಟ್ಯಾಗೋರರ ಡಾಕ್‌ಘರ್, ಅಂದರೆ ಅಂಚೆಮನೆ. ಕಾಯಿಲೆ ಬಿದ್ದು ಕೋಣೆಯೊಳಗೇ ಇರಬೇಕಾದ ಅಮಲ್ ಎಂಬ ಹುಡುಗ ಕಿಟಕಿಯಲ್ಲಿ ಕುಳಿತು ದಾರಿಹೋಕರ ಜೊತೆ ಮಾತಾಡುತ್ತ, ರಾಜನಿಂದ ಪತ್ರ ಬರುತ್ತದೆಂದು ಕಾಯುವ ಕಥೆ. ಆಡಿಸಿದವರು ಅಲ್ಲಿ ನೆರವಾಗುತ್ತಿದ್ದ ಎಸ್ತೆರ್ಕಾ ವಿನೋಗ್ರೋನ್ ಎಂಬ ಯುವತಿ. ಗೋಡೆಯೊಳಗೆ ಸಿಕ್ಕಿಬಿದ್ದ ಮಕ್ಕಳಿಗೆ ಆ ಕಿಟಕಿ ಏನಾಗಿ ಕಂಡಿರಬಹುದು ಎಂದು ಊಹಿಸಬಹುದು. ಸಾವನ್ನು ಹೆದರದೆ ಎದುರುಗೊಳ್ಳುವುದನ್ನು ಮಕ್ಕಳು ಕಲಿಯಲಿ ಎಂದು ಈ ನಾಟಕ ಆರಿಸಿದರು ಎನ್ನುತ್ತಾರೆ. ಬಂಗಾಳದಲ್ಲಿ ಹುಟ್ಟಿದ ಒಂದು ನಾಟಕ ಅಷ್ಟು ದೂರದ ನರಕದಲ್ಲಿ ಮಕ್ಕಳ ಕೈ ಹಿಡಿದಿತ್ತು.

ನಾಲ್ಕು ದಿನಕ್ಕೆ, ಜುಲೈ 22ರಂದು, ಗೆಟ್ಟೋದ ಜನರನ್ನು ತ್ರೆಬ್ಲಿಂಕಾಗೆ ಸಾಗಿಸುವುದು ಶುರುವಾಯಿತು. ಅಂದು ಕೊರ್ಚಾಕ್ ಅವರ ಹುಟ್ಟಿದ ದಿನ. ಅವರೊಬ್ಬರನ್ನು ಪಾರುಮಾಡಲು ಗೆಳೆಯರು, ಹಳೆಯ ಶಿಷ್ಯರು ಹಲವು ಸಲ ಪ್ರಯತ್ನಿಸಿದ್ದರು. ಮಕ್ಕಳನ್ನು ಬಿಟ್ಟು ಬರಲು ಅವರು ಒಪ್ಪಲಿಲ್ಲ. ಆಗಸ್ಟ್ 4ರ ಡೈರಿಯ ಪುಟದಲ್ಲಿ ಅವರು ಹೂಗಿಡಗಳಿಗೆ ನೀರು ಹಾಕುತ್ತಿದ್ದಾರೆ. ಕಿಟಕಿಯಾಚೆ ಬಂದೂಕು ಹಿಡಿದ ಸೈನಿಕ ನಿಂತಿದ್ದಾನೆ. ಅವನು ಊರಿನಲ್ಲಿ ಮೇಷ್ಟ್ರಾಗಿದ್ದನೇನೋ ಎಂದು ಅವರು ಯೋಚಿಸುತ್ತಾರೆ. ಆ ಹೊತ್ತಿನಲ್ಲೂ ಎದುರಿಗಿರುವವನು ಮನುಷ್ಯ ಎಂಬುದನ್ನು ಅವರು ಮರೆಯಲಿಲ್ಲ.

ಮರುದಿನ ಅಥವಾ ಅದರ ಮರುದಿನ ಬೆಳಿಗ್ಗೆ ಅಪ್ಪಣೆ ಬಂತು. ಸುಮಾರು ಇನ್ನೂರು ಮಕ್ಕಳು ಸಾಲಾಗಿ ಬೀದಿಗೆ ಬಂದರು. ಕೊರ್ಚಾಕ್, ಸ್ತೆಫಾನಿಯಾ ಮತ್ತು ಉಳಿದ ಶಿಕ್ಷಕರು ಜೊತೆಗಿದ್ದರು. ರೈಲು ನಿಲ್ಲುವ ಜಾಗದವರೆಗೆ ಅವರು ಶಿಸ್ತಾಗಿ ನಡೆದುಹೋದುದನ್ನು ಕಂಡವರು ಬರೆದಿಟ್ಟಿದ್ದಾರೆ. ಯಾರೂ ಹಿಂದಿರುಗಲಿಲ್ಲ. ತ್ರೆಬ್ಲಿಂಕಾದಲ್ಲಿ ಇಂದು ಸಾವಿರಾರು ಕಲ್ಲುಗಳ ಸ್ಮಾರಕವಿದೆ. ಅಲ್ಲಿ ಒಬ್ಬ ವ್ಯಕ್ತಿಯ ಹೆಸರಿರುವ ಕಲ್ಲು ಒಂದೇ: ಯಾನುಷ್ ಕೊರ್ಚಾಕ್ ಮತ್ತು ಮಕ್ಕಳು ಎಂದು.

ಮಗುವಿಗೂ ಗೌರವದ ಹಕ್ಕಿದೆ ಎಂದು ಅವರು 1929ರಲ್ಲೇ ಪುಸ್ತಕ ಬರೆದಿದ್ದರು. ಮಕ್ಕಳ ಹಕ್ಕುಗಳಿಗೊಂದು ಒಡಂಬಡಿಕೆ ಬೇಕೆಂದು 1978ರಲ್ಲಿ ವಿಶ್ವಸಂಸ್ಥೆಯ ಮುಂದೆ ಪ್ರಸ್ತಾಪ ಇಟ್ಟದ್ದು ಅವರ ಪೋಲೆಂಡ್. 1989ರಲ್ಲಿ ಅದು ಅಂಗೀಕಾರವಾಯಿತು. ಭಾರತ 1992ರಲ್ಲಿ ಒಪ್ಪಿಕೊಂಡಿತು.

ನನ್ನ ಮೊಕದ್ದಮೆ

ಮುಂದಿನ ಶನಿವಾರ ನಾನು ಪೆನ್ಸಿಲ್ ಡಬ್ಬಿ ಹಿಡಿದು ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯಿನಿಯವರಿಗೆ ಮೊದಲು ವಿಷಯ ಹೇಳಿದೆ. ಅವರು ಒಂದು ದೊಡ್ಡ ಹುಡುಗಿಯನ್ನು ಕಳಿಸಿ ಆ ಹುಡುಗನನ್ನು ಮನೆಯಿಂದ ಕರೆಸಿದರು. ಎಲ್ಲರ ಎದುರು ಅವನ ಬ್ಯಾಗ್ ಸುರಿದಿದ್ದೆನಲ್ಲ, ಹಾಗಾಗಿ ಎಲ್ಲರ ಎದುರೇ ಹೇಳಬೇಕಿತ್ತು. ಡಬ್ಬಿ ನನ್ನ ಹತ್ತಿರವೇ ಇತ್ತು, ಅವನು ಕದ್ದಿರಲಿಲ್ಲ, ತಪ್ಪು ನನ್ನದು ಎಂದೆ. ಕಾಲು ಸಣ್ಣಗೆ ನಡುಗುತ್ತಿತ್ತು. ವೈವಾದಲ್ಲೂ ಹಾಗಾಗಿರಲಿಲ್ಲ. ನನಗೇನು ಮಾಡಬೇಕೆಂದು ನೀವೇ ಹೇಳಿ ಎಂದು ಮಕ್ಕಳನ್ನು ಕೇಳಿದೆ.

ಮಕ್ಕಳು ಗುಸುಗುಸು ಮಾತಾಡಿಕೊಂಡರು. ಒಬ್ಬಳು ಎದ್ದು, ಸರ್ ಇನ್ನು ಮೇಲೆ ಯಾರ ಬ್ಯಾಗನ್ನೂ ಕೇಳದೆ ಮುಟ್ಟಬಾರದು ಎಂದಳು. ಎಲ್ಲರೂ ಹೌದೆಂದರು. ಆ ಹುಡುಗ ಏನೂ ಹೇಳಲಿಲ್ಲ. ನೆಲ ನೋಡುತ್ತಿದ್ದ. ನಾನು ಸಿನಿಮಾದಲ್ಲಿ ಆಗುವಂಥದ್ದೇನೋ ನಿರೀಕ್ಷಿಸಿದ್ದೆ. ಅದಾಗಲಿಲ್ಲ. ಅವನು ಕ್ಷಮಿಸಲೇಬೇಕು ಎಂದು ನಾನು ಕೇಳುವಂತೆಯೂ ಇರಲಿಲ್ಲ.

ಅವನು ಮರುವಾರ ಬಂದ, ಅದರ ಮರುವಾರವೂ ಬಂದ. ಮೂರನೇ ವಾರ ಸ್ಲೇಟು ತಂದು ನನ್ನ ಮುಂದೆ ಹಿಡಿದ. ಎರಡಂಕಿಯ ಭಾಗಾಕಾರದಲ್ಲಿ ಶೇಷ ತಪ್ಪಿತ್ತು. ಇಬ್ಬರೂ ಕುಳಿತು ಮೊದಲಿನಿಂದ ಮಾಡಿದೆವು.

ಆ ಸೆಮಿಸ್ಟರ್‌ನಲ್ಲಿ ನನಗೆ ಗಣಿತದಲ್ಲೇ ಬ್ಯಾಕ್‌ಲಾಗ್ ಬಂತು. ಮೊದಲಾಗಿದ್ದರೆ ರೂಮಿನ ಬಾಗಿಲು ಹಾಕಿಕೊಂಡು ಅಪ್ಪನ ಫೋನ್ ಕೂಡ ಎತ್ತುತ್ತಿರಲಿಲ್ಲ. ಈ ಸಲ ಅದೇ ದಿನ ಮನೆಗೆ ಫೋನ್ ಮಾಡಿ ಹೇಳಿದೆ. ಬಿದ್ದವನು ಎದ್ದು ಬಂದಾಗ ಕೂರಲು ಒಂದು ಜಾಗ ಇರಬೇಕು. ಅಂಥ ಜಾಗವನ್ನು ಮಕ್ಕಳಿಗೆ ಮಾಡಿಕೊಡುವುದೇ ಪಾಠ ಎಂದು ಕೊರ್ಚಾಕ್ ಬದುಕಿ ತೋರಿಸಿದ್ದರು. ಈಗ ಐದನೇ ಸೆಮಿಸ್ಟರ್. ಬ್ಯಾಕ್‌ಲಾಗ್ ಪಾಸಾಗಿದೆ. ಶನಿವಾರ ಬೆಳಿಗ್ಗೆ ಸಿಗಬೇಕಾದವರು ನನ್ನನ್ನು ಶಾಲೆಯಲ್ಲೇ ಹುಡುಕಬೇಕು. ರೆಸ್ಯೂಮೆಯ ಆ ಸಾಲನ್ನು ಇನ್ನೂ ಬರೆದಿಲ್ಲ. ಅದನ್ನು ಹೇಗೆ ಬರೆಯಬೇಕೆಂದು ಗೊತ್ತಾಗುತ್ತಿಲ್ಲ.